ತಲೆಗೆ ಹತ್ತದ್ದು, ಕೈಗೆ ಒಲಿದದ್ದು

ಕನ್ನಡದ ಮಾತಿನಲ್ಲಿ ವಿದ್ಯೆಗೆ ಅದರದೇ ಜೀವವಿದೆ. ಅದು ತಲೆಗೆ ಹತ್ತುತ್ತದೆ, ಇಲ್ಲವೇ ಹತ್ತುವುದಿಲ್ಲ. ಒಲಿಯುತ್ತದೆ, ಇಲ್ಲವೇ ಒಲಿಯುವುದಿಲ್ಲ. ‘ಅವನಿಗೆ ಓದು ಹತ್ತಲಿಲ್ಲ’ ಎನ್ನುವ ಹಿರಿಯರ ಮಾತಿನಲ್ಲಿ ತಪ್ಪಿತಸ್ಥರು ಯಾರೂ ಇಲ್ಲ. ‘ದಡ್ಡ’ ಎಂದಾಗಲೇ ತಪ್ಪು ಮಗುವಿನ ಹೆಗಲೇರುವುದು.

*

ನಪಾಸು ಒಂದು ದಿನದ ಸುದ್ದಿ. ದಡ್ಡ ಎನ್ನಿಸಿಕೊಂಡದ್ದನ್ನು ಮಗು ವರ್ಷಗಟ್ಟಲೆ ಹೊರುತ್ತದೆ.

*

ಆರ್. ಕೆ. ನಾರಾಯಣ್ ಹೆಡ್‌ಮಾಸ್ತರರ ಮಗ. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ ಒಂದು ವರ್ಷ ಮೈಸೂರಿನ ಮನೆಯಲ್ಲೇ ಉಳಿದರು. ಓದಿದರು, ಬರೆದರು. 1926ರಲ್ಲಿ ಪಾಸಾದ ಮೇಲೂ ಮಹಾರಾಜ ಕಾಲೇಜಿನ ಪದವಿಗೆ ಅವರಿಗೆ ಬೇರೆಯವರಿಗಿಂತ ಒಂದು ವರ್ಷ ಹೆಚ್ಚೇ ಹಿಡಿಯಿತು. 1935ರಲ್ಲಿ ಬಂದ ಅವರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಆರಂಭವಾಗುವುದು ಸೋಮವಾರದ ಬೆಳಗ್ಗೆ ಕಣ್ಣು ಬಿಡಲು ಮನಸ್ಸಿಲ್ಲದ ಒಬ್ಬ ಶಾಲಾ ಹುಡುಗನಿಂದ.

ನಪಾಸಾದ ಆ ವರ್ಷ ಅವರು ಏನು ಮಾಡಿದರೋ ಬದುಕಿಡೀ ಅದನ್ನೇ ಮಾಡಿದರು. ಗಂಟೆ ಹೊಡೆಯದ, ಯಾರೂ ಪಾಠ ಒಪ್ಪಿಸಿಕೊಳ್ಳದ ಹೊತ್ತಿನಲ್ಲಿ ಒಬ್ಬರ ಕೈ ಎತ್ತ ಹೋಗುತ್ತದೆ ಎಂಬುದನ್ನು ನೋಡಬೇಕು.

*

ಆದರೆ ಆ ವರ್ಷವಿಡೀ ಹೊತ್ತುಹೊತ್ತಿಗೆ ಅವರ ಎಲೆಗೆ ಅನ್ನ ಬೀಳುತ್ತಿತ್ತು. ಇದನ್ನು ಬಿಟ್ಟು ಅವರ ಕಥೆ ಹೇಳುವುದು ಅನ್ಯಾಯ. ಕೂಲಿ ಮಾಡುವವರ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿ ನಪಾಸಾದರೆ ಅವಳಿಗೆ ಬಿಡುವಿನ ವರ್ಷ ಸಿಗುವುದಿಲ್ಲ. ಗಾರ್ಮೆಂಟ್ಸ್ ಕೆಲಸ ಸಿಗುತ್ತದೆ, ಇಲ್ಲವೇ ಮದುವೆ ಗೊತ್ತಾಗುತ್ತದೆ. ಅವಳಿಗೆ ಯಾವ ವಿದ್ಯೆ ಒಲಿಯಲಿತ್ತೋ, ಅದನ್ನು ನಾವು ಕಾಣಲೇ ಇಲ್ಲ.

*

‘ಸೋಲೇ ಗೆಲುವಿನ ಮೆಟ್ಟಿಲು’ ಎಂದು ಮಕ್ಕಳ ಮುಂದೆ ಹೇಳುವುದನ್ನು ನಾನು ನಿಲ್ಲಿಸಿದ್ದೇನೆ. ಶ್ರೀನಿವಾಸ ರಾಮಾನುಜನ್ ಗಣಿತವೊಂದನ್ನೇ ಹಿಡಿದು ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಕಳೆದುಕೊಂಡರು. ಎಫ್.ಎ. ಪರೀಕ್ಷೆಯನ್ನು ಕೊನೆಗೂ ಪಾಸು ಮಾಡಲಾಗಲಿಲ್ಲ. ಕಾಗದ ದುಬಾರಿಯೆಂದು ಸ್ಲೇಟಿನ ಮೇಲೆ ಲೆಕ್ಕ ಮಾಡಿ ಮೊಣಕೈಯಿಂದ ಒರೆಸುತ್ತಿದ್ದರು. 1912ರಲ್ಲಿ ಮದ್ರಾಸ್ ಬಂದರಿನ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತಿಕೆ ಸಿಕ್ಕಿತು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1920ರಲ್ಲಿ, ಬರೀ 32 ವರ್ಷಕ್ಕೆ, ತೀರಿಕೊಂಡರು.

ಆ ಬಡತನ, ಆ ನಪಾಸು ಅವರಿಗೆ ಒಂದು ಸೂತ್ರವನ್ನೂ ಹೊಳೆಯಿಸಲಿಲ್ಲ. ಅವು ಕಿತ್ತುಕೊಂಡದ್ದೇ ಹೆಚ್ಚು. ಅಷ್ಟಾದರೂ ಗಣಿತ ಉಳಿಯಿತು, ಅದನ್ನು ಬಿಟ್ಟಿರಲು ಅವರಿಂದ ಆಗುತ್ತಿರಲಿಲ್ಲ.

*

ಇಷ್ಟಗಳು ಬರುತ್ತವೆ, ಹೋಗುತ್ತವೆ. ಬೇಸರ ಬಂದ ದಿನವೂ ಕೈ ಬಿಡದಂಥವು ಒಂದೋ ಎರಡೋ.

*

ನಮ್ಮೂರಿನಲ್ಲಿ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವವನು ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ತಾಮ್ರದ ತಂತಿ ಸುತ್ತುವಾಗ ಮಾತಾಡಿಸಿದರೆ ಕೈ ನಿಲ್ಲಿಸಿ ಉತ್ತರ ಕೊಡುತ್ತಾನೆ, ಮತ್ತೆ ಬಿಟ್ಟ ಎಣಿಕೆಯಿಂದಲೇ ಹಿಡಿಯುತ್ತಾನೆ. ಸುತ್ತಿನ ಲೆಕ್ಕ ತಪ್ಪಿದರೆ ಮೋಟಾರು ಬಿಸಿಯಾಗಿ ಸುಟ್ಟುಹೋಗುತ್ತದೆ, ಯಾರದೋ ಬೆಳೆ ಒಣಗುತ್ತದೆ. ‘ಶಾಲೆಯಲ್ಲಿ ಯಾಕಪ್ಪ ಬರಲಿಲ್ಲ ಈ ಲೆಕ್ಕ?’ ಎಂದು ಕೇಳಿದ್ದೆ. ‘ಅಲ್ಲಿ ತಪ್ಪಿದರೆ ನನಗೆ ಮಾತ್ರ ಏಟು ಬೀಳ್ತಿತ್ತು ಅಣ್ಣ, ಬೇರೆ ಯಾರಿಗೂ ಏನೂ ಆಗ್ತಿರಲಿಲ್ಲ’ ಅಂದ. ಆ ಮಾತನ್ನು ನಾನು ಇನ್ನೂ ಮೆಲುಕು ಹಾಕುತ್ತಿದ್ದೇನೆ.

*

ನಾರಾಯಣ್ ಅವರ ತಮ್ಮ ಆರ್. ಕೆ. ಲಕ್ಷ್ಮಣ್ ಹುಡುಗನಾಗಿದ್ದಾಗ ಬರೆದ ಅರಳಿ ಎಲೆಯ ಚಿತ್ರವನ್ನು ಶಾಲೆಯ ಮೇಷ್ಟರೊಬ್ಬರು ಮೆಚ್ಚಿಕೊಂಡರು. ಮುಂದೆ ಬೊಂಬಾಯಿಯ ಜೆ. ಜೆ. ಕಲಾಶಾಲೆ ಅವರಿಗೆ ಪ್ರವೇಶ ಕೊಡಲಿಲ್ಲ, ಬೇಕಾದಷ್ಟು ಪ್ರತಿಭೆ ಕಾಣಲಿಲ್ಲವೆಂದಿತು. ವರ್ಷಗಳ ನಂತರ ಅದೇ ಶಾಲೆ ಅವರನ್ನು ಮುಖ್ಯ ಅತಿಥಿಯಾಗಿ ಕರೆಯಿತು. ಜನ ಹೇಳಿ ಸಂತೋಷಪಡುವುದು ಈ ಎರಡನೆಯ ಸಂಗತಿಯನ್ನು. ನನ್ನ ಮನಸ್ಸು ಮಾತ್ರ ಆ ಮೇಷ್ಟರ ಹತ್ತಿರ ಹೋಗುತ್ತದೆ. ತರಗತಿಯ ತುಂಬ ಮಕ್ಕಳು, ಅಷ್ಟೂ ಸ್ಲೇಟುಗಳ ನಡುವೆ ಒಂದು ಎಲೆಯ ಮುಂದೆ ಅವರು ನಿಂತರು.

*

ನಾನು ನಪಾಸಾದ ದಿನ ಅಮ್ಮ ಏನೂ ಕೇಳದೆ ಊಟಕ್ಕೆ ಕರೆದಳು. ಯಾವ ವಿಷಯದಲ್ಲಿ ಎಷ್ಟು ಅಂಕವೆಂಬುದು ಇವತ್ತು ಮರೆತಿದೆ. ಅಂದಿನ ಸಾರು ಯಾವುದೆಂದು ನೆನಪಿದೆ.

*

ಗದಗಿನ ಜೋಶಿ ಮಾಸ್ತರರ ಮಗನಿಗೆ ಭಜನೆಯ ಮೇಳ ಕೇಳಿದರೆ ಸಾಕು, ಹಿಂದೆಯೇ ಹೋಗಿ ದಣಿದಲ್ಲಿ ಮಲಗಿಬಿಡುತ್ತಿದ್ದ. ಕಂಡವರು ಮನೆಗೆ ತಲುಪಿಸಲೆಂದು ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರು. ಮಗನನ್ನು ಕಟ್ಟಿಹಾಕಬಹುದಿತ್ತು, ಅವರು ಹೆಸರು ಬರೆದು ಬಿಟ್ಟರು. 1933ರಲ್ಲಿ ಹನ್ನೊಂದರ ಆ ಹುಡುಗ, ಭೀಮಸೇನ, ಗುರುವನ್ನು ಹುಡುಕಿಕೊಂಡು ಮನೆಬಿಟ್ಟ. ಊರೂರು ಅಲೆದವನನ್ನು ತಂದೆ ಕೊನೆಗೆ ಜಾಲಂಧರದಲ್ಲಿ ಪತ್ತೆಹಚ್ಚಿ ಕರೆತಂದರು. ಗುರು ಸಿಕ್ಕಿದ್ದು ಮನೆಗೆ ಅಷ್ಟೇನೂ ದೂರವಿಲ್ಲದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಬಳಿ. ಅಲ್ಲಿ ಅವನು ಮೊದಲು ಹೊತ್ತದ್ದು ತಂಬೂರಿಯನ್ನಲ್ಲ, ಗುರುಗಳ ಮನೆಗೆ ನೀರಿನ ಕೊಡಗಳನ್ನು.