ಯಾವುದು ಸುಲಭ?

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ಮಾರನೆಯ ದಿನದಿಂದ ನಮ್ಮ ಮನೆಗಳಲ್ಲಿ ಒಂದು ಧರ್ಮಸಂಕಟ ಮೊದಲಾಗುತ್ತದೆ. ವಿಜ್ಞಾನವೇ, ವಾಣಿಜ್ಯವೇ, ಕಲೆಯೇ? ಇಂಗ್ಲಿಷಿನ ಜೊತೆಗೆ ತೆಗೆದುಕೊಳ್ಳುವ ಭಾಷೆ ಕನ್ನಡವೇ, ಸಂಸ್ಕೃತವೇ, ಹಿಂದಿಯೇ? ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ, ಪಿ.ಯು.ಸಿ.ಯ ಲೆಕ್ಕ ಮೇಲುನೋಟಕ್ಕೆ ಇಷ್ಟೆ. ಆದರೆ ಮೀಸೆ ಮೂಡುವ ಮುನ್ನವೇ ಹುಡುಗನೊಬ್ಬ ತನ್ನ ಬಾಳಿನ ದಿಕ್ಕನ್ನು ಅರ್ಜಿಯ ಒಂದು ಗೆರೆಯಲ್ಲಿ ಬರೆದುಕೊಡಬೇಕಾಗಿದೆ. ಆ ಆಯ್ಕೆ ನಿಜವಾಗಿ ಯಾರದು? ಯಾವ ಆಧಾರದ ಮೇಲೆ ಮಾಡಿದರೆ ಅದು ಸರಿಯಾದ ಆಯ್ಕೆ ಎನಿಸೀತು?

ಪ್ರವೇಶದ ದಿನಗಳಲ್ಲಿ ನನ್ನಂಥ ಕನ್ನಡ ಅಧ್ಯಾಪಕನ ಕಿವಿಗೆ ಹೆಚ್ಚಾಗಿ ಬೀಳುವ ಮಾತು ಒಂದೇ: "ಯಾವ್ದು ತಗೊಂಡ್ರೆ ಮಾರ್ಕ್ಸ್ ಜಾಸ್ತಿ ಬರತ್ತೆ, ಸಾರ್?" ಕೇಳುವವರು ತಂದೆ, ಮಗ ಪಕ್ಕದಲ್ಲಿ ನೆಲ ನೋಡುತ್ತ ನಿಂತಿರುತ್ತಾನೆ. ಈ ಪ್ರಶ್ನೆಯನ್ನು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ತಿಂಗಳ ಸಂಬಳದಲ್ಲಿ ಸಂಸಾರ ನಡೆಸುವವನಿಗೆ ಸರ್ಕಾರಿ ಸೀಟು ತಪ್ಪಿತೆಂದರೆ ಸಾಲದ ಹೊರೆಯೇ ಗತಿ. ಅವನ ಲೆಕ್ಕಾಚಾರದ ಹಿಂದಿರುವುದು ಲೋಭವಲ್ಲ, ಭಯ. ಆದರೆ ವಿಚಿತ್ರವೆಂದರೆ, ಇಂಜಿನಿಯರಿಂಗ್ ಸೀಟಿನ ರ‍್ಯಾಂಕಿಗೆ ಭಾಷೆಯ ಅಂಕಗಳು ಲೆಕ್ಕಕ್ಕೇ ಬರುವುದಿಲ್ಲ. ಅಂಕ ಎಣಿಕೆಯಾಗುವ ಕಡೆ ಸುಲಭದ ಭಾಷೆ ಬೇಕು. ಎಣಿಕೆಯಾಗದ ಕಡೆ ಭಾಷೆಯೇ ಬೇಡ. ಎರಡೂ ಕಡೆ ಪೆಟ್ಟು ತಿನ್ನುವುದು ಭಾಷೆಯೇ.

ಸುಲಭವಾದದ್ದನ್ನು ಆರಿಸಿಕೊಳ್ಳುವುದು ತಪ್ಪೆ? ಸುಲಭವೆಂಬುದು ತನ್ನಷ್ಟಕ್ಕೆ ಪಾಪವೇನಲ್ಲ. ಒಲಿದ ವಿದ್ಯೆ ಯಾರಿಗಾದರೂ ಸುಲಭವಾಗಿಯೇ ಇರುತ್ತದೆ. ಆದರೆ ವಿದ್ಯೆ ಸುಲಭ ಎನ್ನುವುದು ಬೇರೆ, ಪರೀಕ್ಷೆ ಸುಲಭ ಎನ್ನುವುದು ಬೇರೆ. ಸಂಸ್ಕೃತವನ್ನು ಆರಿಸಿಕೊಂಡು, ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದು, ನೂರರ ಹತ್ತಿರ ಅಂಕ ಗಳಿಸುವ ಹುಡುಗನಿಗೆ ಒಲಿದವನು ಕಾಳಿದಾಸನೂ ಅಲ್ಲ, ಪಂಪನೂ ಅಲ್ಲ. ಒಲಿದದ್ದು ಪ್ರಶ್ನೆಪತ್ರಿಕೆಯ ಜಾಡು. ಇದರಿಂದ ಕನ್ನಡಕ್ಕೆ ನಷ್ಟವಾಯಿತೆಂದು ನಾವು ಮರುಗುತ್ತೇವೆ. ಸಂಸ್ಕೃತಕ್ಕೆ ಆಗುವ ಅವಮಾನವೂ ಅದಕ್ಕಿಂತ ಕಡಮೆಯದೇನಲ್ಲ.

ಹಾಗಾದರೆ "ನಿನಗೆ ಇಷ್ಟವಾದದ್ದನ್ನು ತೆಗೆದುಕೋ" ಎಂದುಬಿಡೋಣವೆ? ಮಾತೇನೋ ಉದಾರವಾದದ್ದು. ಆದರೆ ಹದಿನೈದರ ಹರೆಯದಲ್ಲಿ ಇಷ್ಟವೆಂಬುದು ಇನ್ನೂ ಎಳೆಯ ಬಳ್ಳಿ. ಯಾವ ಚಪ್ಪರಕ್ಕೆ ಹಬ್ಬೀತೋ ಅದಕ್ಕೇ ತಿಳಿಯದು. ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ರಾಜಕೋಟೆಯ ಹೈಸ್ಕೂಲಿನ ಇಂಥದೇ ಪ್ರಸಂಗವನ್ನು ಹೇಳಿದ್ದಾರೆ. ಆರನೆಯ ತರಗತಿಯಲ್ಲಿ ಸಂಸ್ಕೃತ ಅವರಿಗೆ ಕಷ್ಟವಾಯಿತು. ಎಲ್ಲವೂ ಬಾಯಿಪಾಠ, ಮೇಷ್ಟ್ರು ಬಲು ಬಿಗಿ. ಪಾರಸಿ ಭಾಷೆ ಸುಲಭ, ಅದರ ಮೇಷ್ಟ್ರು ಒಳ್ಳೆಯವರು ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಒಂದು ದಿನ ಅವರು ಪಾರಸಿ ತರಗತಿಯಲ್ಲಿ ಹೋಗಿ ಕುಳಿತೇಬಿಟ್ಟರು. ಸಂಸ್ಕೃತದ ಕೃಷ್ಣಶಂಕರ ಪಂಡ್ಯರು ನೊಂದರು. ಹುಡುಗನನ್ನು ಕರೆದು, ನೀನು ವೈಷ್ಣವ ತಂದೆಯ ಮಗನೆಂಬುದನ್ನು ಮರೆತೆಯಾ ಎಂದು ಕೇಳಿ, ಕಷ್ಟವಿದ್ದರೆ ನನ್ನ ಬಳಿ ಬಾ ಎಂದರು. ಹುಡುಗ ನಾಚಿ ಹಿಂತಿರುಗಿದ. ಅಂದು ಕಲಿತ ಅಷ್ಟಿಷ್ಟು ಸಂಸ್ಕೃತವೂ ಇಲ್ಲದಿದ್ದರೆ ನಮ್ಮ ಶಾಸ್ತ್ರಗ್ರಂಥಗಳಲ್ಲಿ ತಮಗೆ ಆಸಕ್ತಿ ಹುಟ್ಟುತ್ತಿರಲಿಲ್ಲವೆಂದು ಅವರು ಮುಂದೆ ಆ ಗುರುವನ್ನು ನೆನೆದಿದ್ದಾರೆ. ರೇಖಾಗಣಿತದ ಕಥೆಯೂ ಹೀಗೆಯೇ. ಯೂಕ್ಲಿಡನ ಹದಿಮೂರನೆಯ ಪ್ರಮೇಯಕ್ಕೆ ಬರುವವರೆಗೆ ಅದು ಕಬ್ಬಿಣದ ಕಡಲೆ. ಆಮೇಲೆ ಇಷ್ಟದ ವಿಷಯ. ಹನ್ನೆರಡನೆಯದಕ್ಕೇ ಕೈಬಿಡುವ ಸ್ವಾತಂತ್ರ್ಯವನ್ನು ಹುಡುಗನಿಗೆ ಯಾರಾದರೂ ಕೊಟ್ಟಿದ್ದರೆ?

ಇಷ್ಟವಾಗುವ ಮುನ್ನ ಪರಿಚಯವಾಗಬೇಕು. ಕಡ್ಡಾಯ ವಿಷಯಗಳಿಗೆ ನೈತಿಕ ಆಧಾರವೆಂಬುದು ಇದ್ದರೆ ಅದು ಇದೇ. 1980ರಲ್ಲಿ ನೇಮಕವಾದ ಗೋಕಾಕ್ ಸಮಿತಿ 1981ರಲ್ಲಿ ವರದಿ ಕೊಟ್ಟು, ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಲಿ, ಅದಕ್ಕೆ 150 ಅಂಕವಿರಲಿ ಎಂದಿತು. ಅದರ ಜಾರಿಗಾಗಿ 1982ರಲ್ಲಿ ರಾಜ್‌ಕುಮಾರರ ಹಿಂದೆ ಜನ ಬೀದಿಗಿಳಿದರು. ಆ ಬೇಡಿಕೆಯ ನ್ಯಾಯವನ್ನು ನಾನು ಒಪ್ಪುವವನೇ. ಆದರೆ ಕಡ್ಡಾಯವು ಹುಡುಗನನ್ನು ಹೊಸ್ತಿಲವರೆಗೆ ಕರೆತರಬಲ್ಲದು. ಒಳಗೆ ಕರೆದು ಮಣೆ ಹಾಕುವ ಕೆಲಸ ಅಧ್ಯಾಪಕನದು. ಗೈಡು ಓದಿ ಕನ್ನಡದಲ್ಲಿ 95 ಪಡೆದು, ಆಮೇಲೆ ಜನ್ಮದಲ್ಲಿ ಒಂದು ಕನ್ನಡ ಪುಸ್ತಕ ಮುಟ್ಟದವರನ್ನು ನಾನು ಪ್ರತಿವರ್ಷ ಕಾಣುತ್ತೇನೆ. ನಿಯಮ ಪಾಲನೆಯಾಗಿದೆ, ಅದರ ಉದ್ದೇಶ ಮಾತ್ರ ನಪಾಸಾಗಿದೆ.

ಕಡ್ಡಾಯಕ್ಕೆ ಇನ್ನೊಂದು ಮಿತಿಯೂ ಉಂಟು. ಶ್ರೀನಿವಾಸ ರಾಮಾನುಜನ್ ಕುಂಭಕೋಣದ ಕಾಲೇಜಿನಲ್ಲಿ ಗಣಿತವೊಂದನ್ನೇ ಹಿಡಿದು ಉಳಿದುದನ್ನು ಬಿಟ್ಟರು, ವಿದ್ಯಾರ್ಥಿವೇತನ ಕೈತಪ್ಪಿತು. ಮದರಾಸಿನ ಪಚ್ಚಯ್ಯಪ್ಪ ಕಾಲೇಜು ಸೇರಿದರೂ ಎಫ್.ಎ. ದಾಟಲಾಗಲಿಲ್ಲ, 1907ರ ಯತ್ನವೂ ವಿಫಲವಾಯಿತು. ಕಡೆಗೆ 1913ರಲ್ಲಿ ಮದರಾಸು ವಿಶ್ವವಿದ್ಯಾಲಯವೇ, ಪದವಿಯಿಲ್ಲದ ಅವರಿಗೆ, ತಿಂಗಳಿಗೆ 75 ರೂಪಾಯಿಯ ಸಂಶೋಧನ ವೇತನ ಕೊಟ್ಟಿತು. ನಡುವಿನ ವರ್ಷಗಳ ಬಡತನದ ಲೆಕ್ಕವನ್ನು ಯಾವ ನಿಯಮಾವಳಿಯೂ ಇಡುವುದಿಲ್ಲ. ಎಲ್ಲ ಹುಡುಗರೂ ರಾಮಾನುಜನ್ ಅಲ್ಲ, ನಿಜ. ಆದರೂ ಒಂದು ವಿಷಯದಲ್ಲಿ ಸೋತವನಿಗೆ ಉಳಿದ ಬಾಗಿಲುಗಳನ್ನೆಲ್ಲ ಮುಚ್ಚುವ ನಿಯಮ ಶಿಕ್ಷಣವಲ್ಲ, ಶಿಕ್ಷೆ. ನಮ್ಮಲ್ಲಿ 2024ರಲ್ಲಿ ಒಂದೇ ವರ್ಷ ಮೂರು ಸಲ ಪರೀಕ್ಷೆ ಬರೆಯುವ ಅವಕಾಶ ಬಂದಾಗ ಮಟ್ಟ ಇಳಿಯಿತೆಂದು ಹಲವರು ಗೊಣಗಿದರು. ನನಗೆ ಹಾಗೆ ತೋರುವುದಿಲ್ಲ. ಗೆರೆ ಇರಲಿ, ಅದನ್ನು ದಾಟಲು ಇನ್ನೊಂದು ಹೆಜ್ಜೆಗೆ ಎಡೆಯೂ ಇರಲಿ.

ಆದ್ದರಿಂದ ಹಿರಿಯರು ಹುಡುಗರಿಗೆ ಕೊಡಬೇಕಾದ್ದು ಆಯ್ಕೆಯನ್ನಷ್ಟೇ ಅಲ್ಲ, ಆಯ್ಕೆ ಮಾಡುವ ಯೋಗ್ಯತೆಯನ್ನು. ಈ ವಿಷಯಕ್ಕೆ ಪರೀಕ್ಷೆಯೇ ಇಲ್ಲದಿದ್ದರೆ ಇದರ ಒಂದು ಪುಟವನ್ನಾದರೂ ತೆರೆಯುತ್ತೀಯಾ ಎಂದು ಮಗನನ್ನು ಕೇಳಿನೋಡಿ. ಹೌದೆಂದರೆ ಆ ವಿಷಯ ಅವನದು. ಅದರಲ್ಲಿ ನಾಲ್ಕು ಅಂಕ ಕಡಮೆ ಬಂದರೂ ಚಿಂತೆಯಿಲ್ಲ. ಇಲ್ಲವೆಂದರೆ ಗದರಬೇಡಿ. ಅವನಿಗೆ ಹದಿಮೂರನೆಯ ಪ್ರಮೇಯ ಇನ್ನೂ ಬಂದಿಲ್ಲವೆಂದು ತಿಳಿಯಿರಿ. ಪಂಡ್ಯರು ಆ ಹುಡುಗನನ್ನು ತಡೆದದ್ದು ನಿಯಮದ ಪುಸ್ತಕ ತೋರಿಸಿ ಅಲ್ಲ. ಕಷ್ಟವಾದದ್ದನ್ನು ಕಲಿ ಎನ್ನುವ ಹಕ್ಕು, ಕಷ್ಟವಾದಾಗ ನನ್ನ ಬಳಿ ಬಾ ಎನ್ನಬಲ್ಲವನಿಗೆ ಮಾತ್ರ ಉಂಟು.