ಕಿರುಚಾಟಕ್ಕೆ ಅರ್ಥ ಕೇಳುವವರು

ನೊಂದವನು ಕೂಗಿದರೆ ಆ ಕೂಗು ಎಲ್ಲರಿಗೂ ತಿಳಿಯುವಂತೆ, ಕಿವಿಗೆ ಹಿತವಾಗುವಂತೆ ಇರಬೇಕೆ? ಈ ಪ್ರಶ್ನೆಯನ್ನು ನಾವು ನಮಗೆ ಬಲು ಪ್ರಿಯವಾದ ಒಂದು ಇಂಗ್ಲಿಷ್ ರೆಕಾರ್ಡಿನ ಮುಂದಿಟ್ಟು ನೋಡುತ್ತಿದ್ದೇವೆ. ಬರ್ಮಿಂಗ್‌ಹ್ಯಾಮಿನ ನೇಪಾಮ್ ಡೆತ್ ತಂಡ 1987ರಲ್ಲಿ ತಂದ 'ಸ್ಕಮ್' ಅದು. ಕೊಳೆನೀರಿನ ಮೇಲೆ ಕಟ್ಟುವ ನೊರೆಗೆ ಆ ಹೆಸರು. ಮನುಷ್ಯರನ್ನು ಹೀನಾಯವಾಗಿ ಬೈಯುವುದಕ್ಕೂ ಅದೇ ಮಾತು.

ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿನ ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿ 17ರ ಹುಡುಗನಾಗಿದ್ದಾಗ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳ ತುದಿ ಕಳಕೊಂಡ. ಆ ಬೆರಳಿಗೆ ತಡೆಯಲೆಂದು ಮುಂದೆ ಗಿಟಾರಿನ ತಂತಿ ಸಡಿಲಿಸಿದ, ಸದ್ದು ಭಾರವಾಯಿತು. ಹೆವಿ ಮೆಟಲ್ಲಿನ ಭಾರದಲ್ಲಿ ಕೂಲಿಯವನ ಗಾಯವೂ ಇದೆ ಅಂತ ನಾವು ಹೇಳೋದು ಇದಕ್ಕೇ. 'ಸ್ಕಮ್' ಬರುವ ಹೊತ್ತಿಗೆ ಆ ಕೂಲಿಯೂ ಹೋಗುತ್ತಿತ್ತು. ಥ್ಯಾಚರ್ ಆಳ್ವಿಕೆಯಲ್ಲಿ, 1982ರಲ್ಲಿ, ಬ್ರಿಟನ್ನಿನ ನಿರುದ್ಯೋಗಿಗಳು 30 ಲಕ್ಷ ದಾಟಿದ್ದರು.

ಸುಮಾರು 33 ನಿಮಿಷದಲ್ಲಿ 28 ಹಾಡು. ಹಾಡುವವನು ಗಂಟಲು ಹರಿದುಕೊಳ್ಳುತ್ತಾನೆ, ಒಂದು ಪದವೂ ಹಿಡಿತಕ್ಕೆ ಸಿಗಲ್ಲ. 'ಯು ಸಫರ್' ಎಂಬ ಹಾಡಂತೂ ಮುಗಿಯೋದು 1.3 ಸೆಕೆಂಡಿನಲ್ಲಿ, ಅತಿ ಚಿಕ್ಕ ಹಾಡೆಂದು ಗಿನ್ನೆಸ್ ದಾಖಲೆಗೂ ಹೋಗಿದೆ. ಕೇಳಿದವರು ನಗುತ್ತಾರೆ. ನಗಲಿ. ಅದರೊಳಗಿರೋದು ಒಂದೇ ಪ್ರಶ್ನೆ: ಈ ನೋವು ಯಾತಕ್ಕೆ? ಉತ್ತರ ಕೊಡುವವರಿಗೆ ಯಾವಾಗಲೂ ಪುರುಸೊತ್ತು ಇರುತ್ತೆ. ಹಿಂದಿನ ಜನ್ಮ, ಕರ್ಮಫಲ ಅಂತ ನಮ್ಮಲ್ಲಿ ಗ್ರಂಥಗಟ್ಟಲೆ ಉತ್ತರ ಬರೆದಿಟ್ಟಿದ್ದಾರೆ. ಕೇಳುವವನಿಗೆ ಬಾಯಿ ಮುಚ್ಚಿಸುವ ಮುಂಚೆ ಸಿಗೋದು ಅಷ್ಟೇ ಹೊತ್ತು.

1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದ ಮೇಲೆ, ಇದು ಕಾವ್ಯವಲ್ಲ, ಘೋಷಣೆ ಎಂದು ಮೂಗು ಮುರಿದವರಿದ್ದರು. ಅವರ ಕಿವಿಗೆ ಈ ರೆಕಾರ್ಡು ಏನಾಗಿ ಕೇಳೀತು!

ಹಾಗಂತ ಕೂಗಿದ್ದೆಲ್ಲ ಬಂಡಾಯವಲ್ಲ. ಧಣಿಯ ಗೂಂಡಾಗಳೂ ಕೂಗುತ್ತಾರೆ. ಇದೇ ಬಗೆಯ ಸಂಗೀತದಲ್ಲಿ ಜನಾಂಗದ್ವೇಷದ ವಿಷ ಕಾರಿದ ತಂಡಗಳೂ ಇವೆ. ಕೂಗು ಯಾರ ಕಡೆ ತಿರುಗಿದೆ ಅನ್ನೋದನ್ನು ನೋಡಬೇಕು. 'ಸ್ಕಮ್' ಶುರುವಾಗೋದೇ ಬಹುರಾಷ್ಟ್ರೀಯ ಕಂಪನಿಗಳ ಮೇಲಿನ ಆರೋಪದಿಂದ. ಹೊದಿಕೆಯ ಚಿತ್ರದಲ್ಲಿ ಕೋಟು ತೊಟ್ಟವರು, ಹಸಿದವರು, ತಲೆಬುರುಡೆಗಳು.

ಆದರೂ ಆ ಹುಡುಗರು ಕೂಗಿ ಮನೆಗೆ ಹೋಗಬಹುದಿತ್ತು. ಒಡೆಯನ ಮುಂದೆ ದನಿ ಎತ್ತಿದ ನಮ್ಮ ಕೇರಿಯವನಿಗೆ ಮನೆ ಉಳಿದಿರುತ್ತೆ ಅನ್ನುವ ನಂಬಿಕೆಯೂ ಇಲ್ಲ.

ಮೊದಲ ಬದಿ 1986ರದ್ದು, ಎರಡನೆಯದು 1987ರದ್ದು. ನಡುವೆ ಡ್ರಮ್ ಬಾರಿಸುವ ಮಿಕ್ ಹ್ಯಾರಿಸ್ ಒಬ್ಬನನ್ನು ಬಿಟ್ಟು ಎಲ್ಲರೂ ಬದಲಾದರು. ಎರಡನೆಯದರಲ್ಲಿ ವೇಗ ಹೆಚ್ಚು. ನಮಗೆ ಮೊದಲನೆಯದೇ ಇಷ್ಟ, ಅದರಲ್ಲಿ ರೊಚ್ಚಿನ ಜೊತೆ ಸ್ವಲ್ಪ ದಿಗಿಲೂ ಇದೆ.