ಮರಳಿ ಬಂದ ಹೊತ್ತಗೆಗಳು

ಪರಹಸ್ತ ಸೇರಿದ ಪುಸ್ತಕ ಹಿಂದಿರುಗುವುದಿಲ್ಲವೆಂಬ ಮಾತು ನಮ್ಮಲ್ಲಿ ಹಳೆಯದು. ಹಾಗಿರುವಾಗ, ಸಿಕ್ಕಿಬಿದ್ದರೆ ಬರೆದವನಿಗೂ ಓದಿದವನಿಗೂ ಉಳಿಗಾಲವಿಲ್ಲದ ದಿನಗಳಲ್ಲಿ, ಒಂದೊಂದೇ ಪ್ರತಿಯಾಗಿ ಹೊರಟ 95 ಸಂಚಿಕೆಗಳು ಮತ್ತೆ ಬರೆದವನ ಕೈಸೇರಿದವೆಂದರೆ ಅದನ್ನು ಏನೆಂದು ಕರೆಯೋಣ?

ಬರೆದವನು ಕುರ್ಟ್ ಬ್ಲೋಖ್. ಜರ್ಮನಿಯ ಡಾರ್ಟ್ಮಂಡಿನಲ್ಲಿ 1908ರಲ್ಲಿ ಹುಟ್ಟಿ, ಕಾನೂನು ಓದಿ, ಹಿಟ್ಲರ್ ಅಧಿಕಾರಕ್ಕೇರಿದ 1933ರಲ್ಲಿ ನೆದರ್ಲೆಂಡ್ಸಿಗೆ ಓಡಿಬಂದ ಯೆಹೂದಿ ತರುಣ. 1940ರಲ್ಲಿ ಆ ನಾಡೂ ನಾಜಿಗಳ ವಶವಾಯಿತು. ಎನ್‌ಸ್ಖೆಡೆ ಊರಿನ ಮನೆಯೊಂದರ ಅಟ್ಟದಲ್ಲಿ ಅಡಗಿ ಕುಳಿತು, 1943ರ ಆಗಸ್ಟಿನಿಂದ 1945ರ ಏಪ್ರಿಲ್‌ವರೆಗೆ, ಹೆಚ್ಚುಕಡಿಮೆ ವಾರಕ್ಕೊಂದರಂತೆ ಪುಟ್ಟ ಪತ್ರಿಕೆಯನ್ನು ಕೈಯಾರೆ ಬರೆದ. ತಲೆಮರೆಸಿಕೊಂಡವರನ್ನು ಡಚ್ಚರು ನೀರಲ್ಲಿ ಮುಳುಗಿದವರು ಎನ್ನುತ್ತಿದ್ದರು; ಅದಕ್ಕೇ ಪತ್ರಿಕೆಗೆ ‘ನೀರಡಿಯ ಕ್ಯಾಬರೆ’ ಎಂಬರ್ಥದ ಹೆಸರು. ಹಿತೈಷಿಗಳು ತಂದುಕೊಟ್ಟ ವೃತ್ತಪತ್ರಿಕೆಗಳ ಚಿತ್ರಗಳನ್ನು ಕತ್ತರಿಸಿ ಅಂಟಿಸಿದ ಮುಖಪುಟ. ಒಳಗೆ ಹಿಟ್ಲರನನ್ನೂ ಅವನ ಪ್ರಚಾರಮಂತ್ರಿ ಗೊಬೆಲ್ಸನನ್ನೂ ಗೇಲಿಮಾಡುವ ಡಚ್ ಮತ್ತು ಜರ್ಮನ್ ಪದ್ಯಗಳು. ತಾಯಿಯನ್ನೂ ಒಡಹುಟ್ಟಿದವಳನ್ನೂ ನಾಜಿಗಳು ಕೊಂದರು; ಅಂಥ ದುಃಖದ ನಡುವೆಯೂ ಆ ನಗು ಬತ್ತಲಿಲ್ಲ.

ವಿಡಂಬನೆಯೆಂದರೆ ಬರೆಯುವವನ ಎದೆಗಾರಿಕೆಯೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಆ ಹೊತ್ತಗೆಯನ್ನು ಬಟ್ಟೆಯ ಮರೆಯಲ್ಲಿಟ್ಟುಕೊಂಡು ಒಂದು ಅಡಗುದಾಣದಿಂದ ಇನ್ನೊಂದಕ್ಕೆ ಒಯ್ದವರ, ಬಾಗಿಲ ಸದ್ದಿಗೆ ಬೆಚ್ಚುತ್ತ ಓದಿದವರ, ಸುಟ್ಟುಹಾಕುವುದು ಸುಲಭವಾಗಿದ್ದರೂ ಜೋಪಾನವಾಗಿ ಹಿಂದಿರುಗಿಸಿದವರ ಎದೆ ಇನ್ನೆಂಥದಿರಬೇಕು? ಕ್ರೂರ ಆಳ್ವಿಕೆ ಪೊಲೀಸರನ್ನಷ್ಟೇ ನೆಚ್ಚಿಕೊಂಡು ನಿಲ್ಲುವುದಿಲ್ಲ. ನೆರೆಯವನು ನೆರೆಯವನನ್ನು ಶಂಕಿಸುವಲ್ಲಿ ಅದು ಬೇರುಬಿಡುತ್ತದೆ. ಮರಳಿ ಬಂದ ಒಂದೊಂದು ಸಂಚಿಕೆಯೂ ಆ ಬೇರಿಗೆ ಬಿದ್ದ ಸಣ್ಣ ಪೆಟ್ಟು. ಬರೆದವನ ಹೆಸರು ಉಳಿಯಿತು, ಹೊತ್ತು ನಡೆದ ಕೈಗಳ ಹೆಸರು ಬಹುಮಟ್ಟಿಗೆ ಅಳಿಯಿತು. ಆದರೂ ಆ ಕೈಗಳಿಲ್ಲದಿದ್ದರೆ ಅವನ ನಗು ಅಟ್ಟದಲ್ಲೇ ಉಸಿರುಗಟ್ಟುತ್ತಿರಲಿಲ್ಲವೇ?

ಯುದ್ಧ ಮುಗಿದ ಮೇಲೆ, 1948ರಲ್ಲಿ, ಬ್ಲೋಖ್ ನ್ಯೂಯಾರ್ಕಿಗೆ ಹೋಗಿ ಹಳೆಯ ಕಲಾವಸ್ತುಗಳ ವ್ಯಾಪಾರಿಯಾದ, 1975ರಲ್ಲಿ ತೀರಿಕೊಂಡ. ರಟ್ಟು ಕಟ್ಟಿಸಿದ ಆ ಸಂಚಿಕೆಗಳು ದಶಕಗಳ ಕಾಲ ಮನೆಯಲ್ಲೇ ಉಳಿದು, 2024ರಲ್ಲಿ ಬರ್ಲಿನ್ನಿನ ಯೆಹೂದಿ ವಸ್ತುಸಂಗ್ರಹಾಲಯದಲ್ಲಿ ಜನರ ಕಣ್ಣಿಗೆ ಬಿದ್ದವು. ಮುಳುಗಿದ್ದು ಕಡೆಗೂ ನೀರ ಮೇಲೆ ಬಂದಿತು.

ನಂಬಿಕೆಯನ್ನು ನಾವು ದೊಡ್ಡ ಮಾತುಗಳಲ್ಲಿ ಹುಡುಕುತ್ತೇವೆ. ಓದಿ ಮುಗಿಸಿದ್ದನ್ನು ಮರಳಿ ತಲುಪಿಸುವ ಪುಟ್ಟ ಅಭ್ಯಾಸದಲ್ಲೇ ಅದು ತಣ್ಣಗೆ ಕುಳಿತಿರಬಹುದು. ನಮ್ಮ ಕಪಾಟಿನಲ್ಲೂ ಯಾರೋ ನಂಬಿ ಕೊಟ್ಟ ಪುಸ್ತಕವೊಂದು ತನ್ನ ಮನೆಯ ದಾರಿ ಕಾಯುತ್ತಿದ್ದೀತು.